ಹೋರಾ: ಒಲಿಂಪಸ್ಸಿನ ಬಾಗಿಲಿನಿಂದ ಬೆಳ್ವೊಲದ ಜೋಯಿಸರ ಮನೆಗೆ

ಹುಬ್ಬಳ್ಳಿಯ ನೈರುತ್ಯಕ್ಕೆ, ಬಯಲುಸೀಮೆ ಮುಗಿದು ಮಲೆನಾಡಿನ ಸೆರಗು ತೊಡಗುವ ಎಡೆಯಲ್ಲಿ ಕಲಘಟಗಿ ತಾಲ್ಲೂಕಿನ ಮಿಶ್ರಿಕೋಟಿ ಇದೆ. ಆ ಸೀಮೆಯ ರೈತನೊಬ್ಬ ಜೂನ್ ತಿಂಗಳ ಮಳೆಯನ್ನು ಕುರಿತು ‘ಮಿರಗದ ಮಳಿ ಐತವಾರ ಹಿಡೀತು’ ಎಂದರೆ ಕೇಳಿದವರಿಗೆ ಅದರಲ್ಲಿ ಯಾವ ವಿಶೇಷವೂ ಕಾಣುವುದಿಲ್ಲ. ಆದರೆ ಆ ಒಂದು ವಾಕ್ಯದಲ್ಲಿ ಎರಡು ಬೇರೆ ಬೇರೆ ಕಾಲಗಣನೆಗಳು ಒಂದರ ಪಕ್ಕದಲ್ಲಿ ಒಂದು ಕುಳಿತಿವೆ. ‘ಮಿರಗ’ ಎಂಬುದು ಮೃಗಶಿರಾ ನಕ್ಷತ್ರ. ಸೂರ್ಯನು ಆ ನಕ್ಷತ್ರದಲ್ಲಿ ಸಂಚರಿಸುವ ಹದಿಮೂರು ಹದಿನಾಲ್ಕು ದಿನಗಳ ಅವಧಿಯೇ ಮಿರಗದ ಮಳೆಯ ಕಾಲ. ಇದು ಭಾರತದ ಪ್ರಾಚೀನ ನಕ್ಷತ್ರಪದ್ಧತಿಯ ಕೊಡುಗೆ. ‘ಐತವಾರ’ ಎಂಬುದು ಆದಿತ್ಯವಾರದಿಂದ ಸವೆದು ಬಂದ ರೂಪ. ಆದಿತ್ಯ ಎಂಬುದೂ ವಾರ ಎಂಬುದೂ ಸಂಸ್ಕೃತ ಪದಗಳೇ. ಆದರೂ ಆದಿತ್ಯವಾರದ ಮರುದಿನ ಸೋಮವಾರವೇ ಏಕೆ ಬರಬೇಕು ಎಂದು ಕೇಳಿದರೆ ಉತ್ತರಕ್ಕಾಗಿ ಗ್ರೀಕರ ಪುರಾಣದಲ್ಲಿ ಹುಟ್ಟಿದ ಒಂದು ಪದದ ಬಳಿಗೆ ಹೋಗಬೇಕಾಗುತ್ತದೆ. ಆ ಪದ ‘ಹೋರಾ’.

ಕನ್ನಡದ ಪಂಚಾಂಗಗಳಲ್ಲಿ ಗುರುಹೋರೆ, ಶುಕ್ರಹೋರೆ ಎಂದು ಇಂದಿಗೂ ಅಚ್ಚಾಗುತ್ತಿರುವ ಈ ಪದದ ಮೂಲವನ್ನು ಕುರಿತು ಎರಡು ಅಭಿಪ್ರಾಯಗಳು ಪ್ರಚಾರದಲ್ಲಿವೆ. ‘ಅಹೋರಾತ್ರ’ ಎಂಬ ಸಂಸ್ಕೃತ ಶಬ್ದದ ಮೊದಲ ಮತ್ತು ಕೊನೆಯ ಅಕ್ಷರಗಳು ಲೋಪವಾಗಿ ಹೋರಾ ಆಯಿತು ಎಂಬುದು ಒಂದು. ಇದು ಗ್ರೀಕ್ ಪದ, ಆದ್ದರಿಂದ ಭಾರತೀಯ ಜ್ಯೋತಿಷವೆಲ್ಲ ಗ್ರೀಕರಿಂದ ಬಂದದ್ದು ಎಂಬುದು ಇನ್ನೊಂದು. ಪದದ ಚರಿತ್ರೆಯನ್ನು ಮೊದಲಿನಿಂದ ನೋಡಿದರೆ ಎರಡರಲ್ಲಿಯೂ ದೋಷವಿರುವುದು ತಿಳಿಯುತ್ತದೆ.

ಗ್ರೀಕರ ಹೋರಾದೇವಿಯರು

ಗ್ರೀಕ್ ಭಾಷೆಯಲ್ಲಿ ‘ಹೋರಾ’ ಎಂದರೆ ಮೊದಲು ಋತು. ವರ್ಷದಲ್ಲಿ ಮರಳಿ ಮರಳಿ ಬರುವ ತಕ್ಕ ಕಾಲ. ಇದರ ಬಹುವಚನ ‘ಹೋರಾಯ್’. ಅವೆಸ್ತಾ ಭಾಷೆಯಲ್ಲಿ ವರ್ಷವನ್ನು ಸೂಚಿಸುವ ‘ಯಾರೆ’, ಇಂಗ್ಲಿಷಿನ ‘ಇಯರ್’ ಇವು ಇದೇ ಮೂಲಧಾತುವಿನಿಂದ ಬಂದ ಜ್ಞಾತಿಪದಗಳು. ಇಂಗ್ಲಿಷಿನಲ್ಲಿ ಗಂಟೆಯನ್ನು ಸೂಚಿಸುವ ‘ಅವರ್’ ಎಂಬುದಂತೂ ಗ್ರೀಕ್ ಹೋರಾ ಪದವೇ. ಲ್ಯಾಟಿನ್ ಮತ್ತು ಫ್ರೆಂಚ್ ಭಾಷೆಗಳ ಮೂಲಕ ಅಲ್ಲಿಗೆ ತಲುಪಿತು.

ಗ್ರೀಕರು ಋತುಗಳನ್ನು ದೇವಿಯರೆಂದು ಭಾವಿಸಿದರು. ಹೋಮರನ ಇಲಿಯಡ್ ಕಾವ್ಯದಲ್ಲಿ ಹೋರಾದೇವಿಯರು ಒಲಿಂಪಸ್ ಪರ್ವತದ ದೇವಲೋಕಕ್ಕೆ ದ್ವಾರಪಾಲಿಕೆಯರು. ದಟ್ಟ ಮೋಡಗಳನ್ನು ಸರಿಸಿ ಬಾಗಿಲು ತೆರೆಯುವವರೂ ಮೋಡ ಮುಚ್ಚಿ ಬಾಗಿಲು ಹಾಕುವವರೂ ಅವರೇ. ಹೆಸಿಯಡನ ಥಿಯೋಗೊನಿಯಲ್ಲಿ ಅವರ ವಂಶಾವಳಿ ಬರುತ್ತದೆ. ದೇವರಾಜನಾದ ಜ್ಯೂಸ್ ಮತ್ತು ಧರ್ಮನಿಯಮದ ದೇವಿಯಾದ ಥೆಮಿಸ್ ಇವರ ಪುತ್ರಿಯರು ಮೂವರು ಹೋರಾದೇವಿಯರು: ಯೂನೋಮಿಯಾ, ದಿಕೆ ಮತ್ತು ಐರೀನೆ. ಈ ಹೆಸರುಗಳ ಅರ್ಥ ಕ್ರಮವಾಗಿ ಸುವ್ಯವಸ್ಥೆ, ನ್ಯಾಯ ಮತ್ತು ಶಾಂತಿ. ಅಥೆನ್ಸಿನವರು ಮಾತ್ರ ಬೇರೆ ಹೆಸರುಗಳಿಂದ ಅವರನ್ನು ಪೂಜಿಸುತ್ತಿದ್ದರು: ಥಲ್ಲೋ ಎಂದರೆ ಚಿಗುರಿಸುವವಳು, ಕಾರ್ಪೋ ಎಂದರೆ ಫಲ ಕೊಡುವವಳು. ಹೊಲದಲ್ಲಿ ಪೈರು ಕಾಲಕ್ಕೆ ಸರಿಯಾಗಿ ಬರುವುದು ಮತ್ತು ಊರಿನಲ್ಲಿ ನ್ಯಾಯ ನೆಲೆಗೊಳ್ಳುವುದು ಒಂದೇ ನಿಯಮದ ಎರಡು ಮುಖಗಳು ಎಂಬ ಭಾವನೆ ಈ ಹೆಸರುಗಳ ಹಿಂದೆ ಕಾಣುತ್ತದೆ. ವೇದದ ‘ಋತ’ ಮತ್ತು ‘ಋತು’ ಪದಗಳ ನಂಟನ್ನು ಬಲ್ಲವರಿಗೆ ಇದು ಅಪರಿಚಿತವಾದ ಭಾವನೆಯಲ್ಲ.

ಹೆಸಿಯಡನು ಹೇಳುವ ಇನ್ನೊಂದು ಸಂಗತಿ ಈ ಚರ್ಚೆಗೆ ಬಹಳ ಮುಖ್ಯ. ಹೋರಾದೇವಿಯರನ್ನು ಹೆತ್ತ ಥೆಮಿಸಳೇ ಜ್ಯೂಸನಿಂದ ಮೊಯಿರಾಯ್ ಎಂಬ ಇನ್ನೂ ಮೂವರು ಹೆಣ್ಣುಮಕ್ಕಳನ್ನು ಪಡೆದಳು. ಇವರು ವಿಧಿದೇವತೆಯರು, ಮನುಷ್ಯರಿಗೆ ಶುಭಾಶುಭಗಳನ್ನು ಹಂಚುವವರು. ಹೀಗೆ ಗ್ರೀಕರ ಕಲ್ಪನೆಯಲ್ಲಿ ಕಾಲವೂ ವಿಧಿಯೂ ಒಡಹುಟ್ಟಿದ ಸೋದರಿಯರು. ಹೋರಾ ಪದವು ಮುಂದೆ ಭವಿಷ್ಯ ಹೇಳುವ ಶಾಸ್ತ್ರದ ಹೆಸರಾಗುವುದಕ್ಕೆ ಈ ನಂಟೇ ನೇರ ಕಾರಣ ಎನ್ನಲಾಗದಿದ್ದರೂ, ಆ ಶಾಸ್ತ್ರಕ್ಕೆ ಇದಕ್ಕಿಂತ ತಕ್ಕ ಹೆಸರು ದೊರೆಯುತ್ತಿರಲಿಲ್ಲ.

ಋತುವಿನಿಂದ ಗಂಟೆಗೆ, ಗಂಟೆಯಿಂದ ಲಗ್ನಕ್ಕೆ

ವರ್ಷದ ಭಾಗವನ್ನು ಹೇಳುತ್ತಿದ್ದ ಪದ ಕ್ರಮೇಣ ದಿನದ ಭಾಗವನ್ನೂ ಹೇಳತೊಡಗಿತು. ಹಗಲಿಗೆ ಹನ್ನೆರಡು, ಇರುಳಿಗೆ ಹನ್ನೆರಡು ಭಾಗಗಳನ್ನು ಮಾಡುವ ಪದ್ಧತಿ ಈಜಿಪ್ಟಿನಲ್ಲಿ ಬಹು ಹಿಂದಿನಿಂದ ಇತ್ತು. ಅಲೆಕ್ಸಾಂಡ್ರಿಯಾ ನಗರದಲ್ಲಿ ಈಜಿಪ್ಟಿನ ಈ ವಿಭಾಗ, ಬ್ಯಾಬಿಲೋನಿನ ರಾಶಿಚಕ್ರ ಮತ್ತು ಗ್ರೀಕರ ಜ್ಯಾಮಿತಿ ಒಂದಾದವು. ಅಲ್ಲಿ ಜಾತಕಶಾಸ್ತ್ರ ರೂಪುಗೊಂಡಾಗ, ಶಿಶು ಹುಟ್ಟಿದ ಕ್ಷಣದಲ್ಲಿ ಪೂರ್ವ ದಿಗಂತದಲ್ಲಿ ಉದಯಿಸುತ್ತಿರುವ ರಾಶಿಬಿಂದುವಿಗೆ ‘ಹೋರೋಸ್ಕೋಪೋಸ್’ ಎಂಬ ಹೆಸರು ಬಂದಿತು. ಹೋರೆಯನ್ನು ನೋಡುವಂಥದು ಎಂದು ಅದರ ಅರ್ಥ. ಭಾರತೀಯರು ಅದನ್ನೇ ಲಗ್ನ ಎಂದು ಕರೆದರು.

ಸಂಸ್ಕೃತ ಜ್ಯೋತಿಷಗ್ರಂಥಗಳಲ್ಲಿ ಹೋರಾ ಪದಕ್ಕೆ ನಾಲ್ಕು ಅರ್ಥಗಳು ಕಾಣುತ್ತವೆ. ದಿನದ ಇಪ್ಪತ್ತನಾಲ್ಕನೆಯ ಒಂದು ಭಾಗ, ಅಂದರೆ ಎರಡೂವರೆ ಗಳಿಗೆ, ಮೊದಲನೆಯದು. ರಾಶಿಯ ಅರ್ಧ, ಅಂದರೆ 15 ಅಂಶ, ಎರಡನೆಯದು. ಲಗ್ನ ಎಂಬುದು ಮೂರನೆಯದು. ಜಾತಕಶಾಸ್ತ್ರ ಎಂಬುದು ನಾಲ್ಕನೆಯದು. ಒಂದಕ್ಕೊಂದು ಸಂಬಂಧವಿಲ್ಲದಂತೆ ತೋರುವ ಈ ಅರ್ಥಗಳು ಗ್ರೀಕ್ ಮೂಲವನ್ನು ಒಪ್ಪಿದ ಕೂಡಲೇ ಒಂದು ಸಾಲಿಗೆ ಬರುತ್ತವೆ. ಹನ್ನೆರಡು ರಾಶಿಗಳು 24 ಹೋರೆಗಳಲ್ಲಿ ಉದಯಿಸುವುದರಿಂದ ಒಂದು ರಾಶಿಯ ಉದಯಕ್ಕೆ ಸುಮಾರು ಎರಡು ಹೋರೆ ಬೇಕು. ಆದ್ದರಿಂದ ಅರ್ಧ ರಾಶಿಯೇ ಒಂದು ಹೋರೆಯಾಯಿತು. ಹೋರೋಸ್ಕೋಪೋಸ್ ಎಂಬ ದೀರ್ಘ ಪದದ ಮೊದಲ ಭಾಗವೇ ಲಗ್ನದ ಹೆಸರಾಗಿ ಉಳಿಯಿತು. ಲಗ್ನವನ್ನು ಆಧರಿಸಿದ ಶಾಸ್ತ್ರ ಹೋರಾಶಾಸ್ತ್ರವೆನಿಸಿತು. ಅಹೋರಾತ್ರ ಎಂಬ ಮೂಲದಿಂದ ಹೊರಟರೆ ಮೊದಲನೆಯ ಅರ್ಥಕ್ಕೆ ಹೇಗೋ ದಾರಿ ಸಿಗಬಹುದು. ಲಗ್ನ ಎಂಬ ಅರ್ಥಕ್ಕೆ ಸಿಗುವುದಿಲ್ಲ.

ಈ ಶಾಸ್ತ್ರ ಭಾರತಕ್ಕೆ ಬಂದ ಬಗೆಯನ್ನು ತಿಳಿಸುವ ಮುಖ್ಯ ಗ್ರಂಥ ಸ್ಫುಜಿಧ್ವಜನ ಯವನಜಾತಕ. ಡೇವಿಡ್ ಪಿಂಗ್ರಿ ಅವರು 1978ರಲ್ಲಿ ಇದನ್ನು ಸಂಪಾದಿಸಿ ಪ್ರಕಟಿಸಿದರು. ಗ್ರೀಕ್ ಗ್ರಂಥವೊಂದರ ಗದ್ಯಾನುವಾದ ಕ್ರಿ.ಶ. 149–50ರಲ್ಲಿ, ಅದರ ಪದ್ಯರೂಪ ಕ್ರಿ.ಶ. 269–70ರಲ್ಲಿ ಆಯಿತೆಂದು ಅವರ ನಿರ್ಣಯ. 2013ರಲ್ಲಿ ಬಿಲ್ ಮಾಕ್ ಅವರು ನೇಪಾಳದ ಹಸ್ತಪ್ರತಿಗಳ ಆಧಾರದಿಂದ ಈ ಕಾಲನಿರ್ಣಯವನ್ನು ಪ್ರಶ್ನಿಸಿದ್ದಾರೆ. ಕಾಲವನ್ನು ಕುರಿತ ಚರ್ಚೆ ಏನೇ ಇರಲಿ, ಗ್ರಂಥದ ಹೆಸರಿನಲ್ಲಿಯೇ ಇರುವ ಯವನ ಎಂಬ ಮಾತು ಶಾಸ್ತ್ರದ ಮೂಲವನ್ನು ಮರೆಮಾಚುವುದಿಲ್ಲ.

ಕನ್ನಡ ನಾಡಿನ ವಿದ್ಯಾರ್ಥಿಗಳು ಗಮನಿಸಬೇಕಾದ ಒಂದು ಸಂಗತಿ ಇಲ್ಲಿದೆ. ಕ್ರಿ.ಶ. ಎರಡನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯಾದಲ್ಲಿದ್ದ ಟಾಲೆಮಿ ತನ್ನ ಭೂಗೋಳಗ್ರಂಥದಲ್ಲಿ ಬನವಾಸಿಯ ಹೆಸರನ್ನು ದಾಖಲಿಸಿದ್ದಾನೆ. ಕರ್ನಾಟಕದ ಪ್ರಾಚೀನ ಇತಿಹಾಸವನ್ನು ಬರೆಯುವವರೆಲ್ಲರೂ ಇದನ್ನು ಉಲ್ಲೇಖಿಸುತ್ತಾರೆ. ಅದೇ ಟಾಲೆಮಿ ಗ್ರೀಕ್ ಜಾತಕಶಾಸ್ತ್ರದ ಪ್ರಮಾಣಗ್ರಂಥವಾದ ಟೆಟ್ರಾಬಿಬ್ಲೋಸಿನ ಕರ್ತೃವೂ ಹೌದು. ಹೋರೆಯನ್ನು ಗುಣಿಸುವ ವಿದ್ಯೆಯೂ ಬನವಾಸಿಯ ಹೆಸರೂ ಒಬ್ಬನೇ ವಿದ್ವಾಂಸನ ಮೇಜಿನ ಮೇಲಿದ್ದವು. ಪದಗಳು ದಾಟಿ ಬರುವುದಕ್ಕೆ ಬೇಕಾದ ದಾರಿಗಳು ಆ ಹೊತ್ತಿಗಾಗಲೇ ತೆರೆದಿದ್ದವು.

ವರಾಹಮಿಹಿರನ ಒಂದು ಶ್ಲೋಕ

ಅಹೋರಾತ್ರದ ವ್ಯುತ್ಪತ್ತಿ ಬರುವುದು ಆರನೆಯ ಶತಮಾನದ ವರಾಹಮಿಹಿರನ ಬೃಹಜ್ಜಾತಕದ ಮೊದಲ ಅಧ್ಯಾಯದಲ್ಲಿ. ಆದರೆ ಅವನು ಅದನ್ನು ತನ್ನ ಸ್ವಂತ ಮತವಾಗಿ ಹೇಳುವುದಿಲ್ಲ. ‘ಕೆಲವರು’ ಹೀಗೆ ಬಯಸುತ್ತಾರೆ ಎನ್ನುತ್ತಾನೆ. ಈ ‘ಕೆಲವರು’ ಎಂಬ ಮಾತನ್ನು ಬಿಟ್ಟು ವ್ಯುತ್ಪತ್ತಿಯನ್ನು ಮಾತ್ರ ಉದ್ಧರಿಸುವ ರೂಢಿ ಈಚಿನ ಬರಹಗಳಲ್ಲಿ ಬೆಳೆದಿರುವುದರಿಂದ ಅದು ನಿರ್ಣಯವೆಂಬಂತೆ ತೋರುತ್ತದೆ.

ವರಾಹಮಿಹಿರನಿಗೆ ಯವನಮೂಲ ತಿಳಿದಿತ್ತು. ಅದೇ ಅಧ್ಯಾಯದಲ್ಲಿ ಅವನು ರಾಶಿಗಳಿಗೆ ಮೇಷ, ವೃಷಭ ಮುಂತಾದ ಹೆಸರುಗಳ ಜೊತೆಗೆ ಕ್ರಿಯ, ತಾವುರಿ, ಜಿತುಮ, ಲೇಯ, ಪಾಥೋನ, ಜೂಕ ಎಂಬ ಹೆಸರುಗಳನ್ನೂ ಕೊಡುತ್ತಾನೆ. ಇವು ಗ್ರೀಕರ ಕ್ರಿಯೋಸ್, ಟಾವ್ರೋಸ್, ದಿದಿಮೋಯ್, ಲೆಯೋನ್, ಪಾರ್ಥೆನೋಸ್, ಜಿಗೋನ್ ಎಂಬ ರಾಶಿನಾಮಗಳ ಸಂಸ್ಕೃತ ರೂಪಗಳು. ಎರಡನೆಯ ಅಧ್ಯಾಯದಲ್ಲಿ ಗ್ರಹಗಳ ಪರ್ಯಾಯನಾಮಗಳು ಬರುತ್ತವೆ. ಅಲ್ಲಿ ಸೂರ್ಯನಿಗೆ ಹೇಲಿ, ಬುಧನಿಗೆ ಹೇಮ್ನ, ಕುಜನಿಗೆ ಆರ, ಶುಕ್ರನಿಗೆ ಆಸ್ಫುಜಿತ್, ಶನಿಗೆ ಕೋಣ ಎಂಬ ಹೆಸರುಗಳಿವೆ. ಇವರು ಗ್ರೀಕ್ ಪುರಾಣದ ಹೀಲಿಯೋಸ್, ಹರ್ಮೀಸ್, ಆರೀಸ್, ಆಫ್ರೊಡೈಟಿ ಮತ್ತು ಕ್ರೋನೋಸ್. ಶನಿಯ ಹೆಸರಾದ ‘ಕೋಣ’ವನ್ನು ಕನ್ನಡದ ಕೋಣವೆಂದು ತಿಳಿದು ಯಮನ ವಾಹನದೊಂದಿಗೆ ಜೋಡಿಸಿದರೆ ಎಡವಿದಂತಾಗುತ್ತದೆ. ಬೃಹತ್ಸಂಹಿತೆಯಲ್ಲಂತೂ, ಯವನರು ಮ್ಲೇಚ್ಛರಾದರೂ ಈ ಶಾಸ್ತ್ರ ಅವರಲ್ಲಿ ಚೆನ್ನಾಗಿ ನೆಲೆಸಿರುವುದರಿಂದ ಅವರೂ ಋಷಿಗಳಂತೆ ಪೂಜ್ಯರು ಎಂಬ ಅಭಿಪ್ರಾಯ ಬಂದಿದೆ. ಮೂಲವನ್ನು ಅಡಗಿಸುವ ಉದ್ದೇಶವಿದ್ದವರು ಹೀಗೆ ಬರೆಯುತ್ತಿರಲಿಲ್ಲ.

ಹಾಗಾದರೆ ಆ ವ್ಯುತ್ಪತ್ತಿಯ ಕೆಲಸವೇನು? ಭಾರತೀಯ ಶಾಸ್ತ್ರಪರಂಪರೆಯಲ್ಲಿ ನಿರುಕ್ತಿ ಎಂಬುದು ಪದದ ಚರಿತ್ರೆಯನ್ನು ಹೇಳುವ ವಿದ್ಯೆಯಷ್ಟೇ ಆಗಿರಲಿಲ್ಲ. ಪದವನ್ನು ತನ್ನ ಅರ್ಥಲೋಕದೊಳಗೆ ಕೂರಿಸುವ ವಿಧಾನವೂ ಆಗಿತ್ತು. ಅಹೋರಾತ್ರದ ನಿರುಕ್ತಿ ಪರಭಾಷೆಯ ಪದಕ್ಕೆ ಸಂಸ್ಕೃತದಲ್ಲಿ ಒಂದು ಮನೆಯನ್ನು ಕಟ್ಟಿಕೊಟ್ಟಿತು. ಅದೇ ಶ್ಲೋಕದ ಉತ್ತರಾರ್ಧ ಇನ್ನೂ ದೊಡ್ಡ ಕೆಲಸವನ್ನು ಮಾಡುತ್ತದೆ. ಹಿಂದಿನ ಜನ್ಮದಲ್ಲಿ ಗಳಿಸಿದ ಕರ್ಮದ ಪರಿಪಾಕವನ್ನು ಹೋರಾಶಾಸ್ತ್ರ ತೋರಿಸಿಕೊಡುತ್ತದೆ ಎಂದು ಅಲ್ಲಿ ಹೇಳಿದೆ. ಲಘುಜಾತಕದಲ್ಲಿ ಇದೇ ಅಭಿಪ್ರಾಯಕ್ಕೆ ಕತ್ತಲೆಯಲ್ಲಿ ವಸ್ತುಗಳನ್ನು ಕಾಣಿಸುವ ದೀಪದ ಹೋಲಿಕೆ ಸಿಕ್ಕಿದೆ. ದೀಪ ವಸ್ತುವನ್ನು ಸೃಷ್ಟಿಸುವುದಿಲ್ಲ, ಇರುವುದನ್ನು ತೋರಿಸುತ್ತದೆ. ಗ್ರಹಗಳೂ ಹಾಗೆ, ಫಲವನ್ನು ಉಂಟುಮಾಡುವುದಿಲ್ಲ. ಗ್ರೀಕರಲ್ಲಿ ಹೋರೆಯ ಸೋದರಿ ವಿಧಿ. ಭಾರತದಲ್ಲಿ ಆ ಸ್ಥಾನಕ್ಕೆ ಕರ್ಮ ಬಂದಿತು. ಶ್ಲೋಕದ ಮೊದಲ ಅರ್ಧ ಶಬ್ದವನ್ನು ದೇಶೀಯಗೊಳಿಸಿತು, ಎರಡನೆಯ ಅರ್ಧ ಅದರ ಹಿಂದಿದ್ದ ತತ್ತ್ವವನ್ನು ಬದಲಿಸಿತು.

ವಾರದ ಕ್ರಮವೆಂಬ ಸಾಕ್ಷಿ

ಹೋರೆ ಎಂಬ ಕಾಲಮಾನ ಇಲ್ಲಿಯದಲ್ಲ ಎಂಬುದಕ್ಕೆ ವಾರದ ದಿನಗಳ ಕ್ರಮವೇ ಸಾಕ್ಷಿ. ಇದು ಲೆಕ್ಕದ ಮಾತಾದ್ದರಿಂದ ಯಾರು ಬೇಕಾದರೂ ಪರೀಕ್ಷಿಸಬಹುದು.

ಭೂಮಿಯಿಂದ ಇರುವ ದೂರದ ಇಳಿಕೆಯ ಕ್ರಮದಲ್ಲಿ ಪ್ರಾಚೀನರು ಗ್ರಹಗಳನ್ನು ಶನಿ, ಗುರು, ಕುಜ, ರವಿ, ಶುಕ್ರ, ಬುಧ, ಚಂದ್ರ ಎಂದು ಎಣಿಸಿದರು. ದಿನದ ಪ್ರತಿಯೊಂದು ಹೋರೆಗೂ ಈ ಸಾಲಿನಲ್ಲಿ ಒಬ್ಬೊಬ್ಬ ಅಧಿಪತಿ; ಸೂರ್ಯೋದಯದ ಮೊದಲ ಹೋರೆಯ ಅಧಿಪತಿಯೇ ಆ ದಿನದ ಅಧಿಪತಿ. ಶನಿಯಿಂದ ಆರಂಭಿಸಿದರೆ ಏಳು ಗ್ರಹಗಳ ಮೂರು ಸುತ್ತಿಗೆ 21 ಹೋರೆಗಳು ಕಳೆಯುತ್ತವೆ. ಉಳಿದ ಮೂರು ಹೋರೆಗಳು ಶನಿ, ಗುರು, ಕುಜರಿಗೆ ಸಲ್ಲುತ್ತವೆ. ಮರುದಿನದ ಮೊದಲ ಹೋರೆ ರವಿಗೆ ಬರುತ್ತದೆ. ಆದ್ದರಿಂದ ಶನಿವಾರದ ಮರುದಿನ ರವಿವಾರ. ಹೀಗೆ ಪ್ರತಿ ಬಾರಿಯೂ ನಾಲ್ಕನೆಯವನನ್ನು ಎಣಿಸುತ್ತಾ ಹೋದರೆ ರವಿಯ ಅನಂತರ ಚಂದ್ರ, ಆಮೇಲೆ ಕುಜ, ಬುಧ, ಗುರು, ಶುಕ್ರ, ಮತ್ತೆ ಶನಿ. ಕ್ರಿ.ಶ. 499ರ ಆರ್ಯಭಟೀಯದ ಕಾಲಕ್ರಿಯಾಪಾದದಲ್ಲಿ ಈ ನಿಯಮವನ್ನು ಸ್ಪಷ್ಟವಾಗಿ ಹೇಳಿದೆ. ಗ್ರಹಗಳನ್ನು ಅಲ್ಲಿ ಹೋರೇಶರು ಎಂದೇ ಕರೆದಿದೆ.

ಈಗ ಭಾರತದ ಹಳೆಯ ವಿಭಾಗಗಳನ್ನು ಇಟ್ಟು ಇದೇ ಲೆಕ್ಕವನ್ನು ಮಾಡಬಹುದು. ದಿನಕ್ಕೆ 30 ಮುಹೂರ್ತಗಳೆಂದು ಎಣಿಸಿದರೆ ಏಳರ ನಾಲ್ಕು ಸುತ್ತು ಕಳೆದು ಎರಡು ಉಳಿಯುತ್ತದೆ; ಆಗ ಶನಿವಾರದ ಮರುದಿನ ಮಂಗಳವಾರವಾಗಬೇಕು. ದಿನಕ್ಕೆ 60 ಗಳಿಗೆಗಳೆಂದು ಎಣಿಸಿದರೆ ನಾಲ್ಕು ಉಳಿಯುತ್ತದೆ. ಆಗ ಶನಿವಾರದ ಮರುದಿನ ಶುಕ್ರವಾರವಾಗಬೇಕು. ದಿನವನ್ನು 24 ಹೋರೆಗಳಾಗಿ ಭಾಗಿಸಿದಾಗ ಮಾತ್ರ ಇಂದು ರೂಢಿಯಲ್ಲಿರುವ ಕ್ರಮ ದೊರೆಯುತ್ತದೆ. ಹೋರೆ ಎಂಬ ಪದವನ್ನು ಎಂದೂ ಕೇಳದವರೂ ವಾರದ ಹೆಸರನ್ನು ಹೇಳುವಾಗಲೆಲ್ಲ ಈ ಲೆಕ್ಕವನ್ನು ಒಪ್ಪಿಕೊಂಡಿರುತ್ತಾರೆ.

ಶಾಸನಗಳಲ್ಲಿ ವಾರ

ಭಾರತದಲ್ಲಿ ವಾರವನ್ನು ಹೆಸರಿಸಿರುವ ಹಳೆಯ ಶಾಸನಗಳಲ್ಲಿ ಬುಧಗುಪ್ತನ ಕಾಲದ ಏರಣದ ಸ್ತಂಭಶಾಸನ ಪ್ರಸಿದ್ಧವಾದುದು. ಅದರ ಕಾಲ ಕ್ರಿ.ಶ. 484, ಗುರುವಾರ. ಕರ್ನಾಟಕದಲ್ಲಿ ಕ್ರಿ.ಶ. 543ರ ಬಾದಾಮಿಯ ಬಂಡೆಗಲ್ಲಿನ ಶಾಸನ ಶಕವರ್ಷವನ್ನು ಹೇಳುತ್ತದೆ, ವಾರವನ್ನು ಹೇಳುವುದಿಲ್ಲ. ಜೈನಕವಿ ರವಿಕೀರ್ತಿಯ ಐಹೊಳೆಯ ಶಾಸನ ಶಕವರ್ಷ 556ನ್ನೂ ಭಾರತಯುದ್ಧದಿಂದ ಕಳೆದ 3735 ವರ್ಷಗಳನ್ನೂ ಎಣಿಸುತ್ತದೆ, ಅಲ್ಲಿಯೂ ವಾರವಿಲ್ಲ. ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಬಂದಾಗ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿಗಳ ಜೊತೆಯಲ್ಲಿ ವಾರವನ್ನು ಹೇಳುವುದು ಕನ್ನಡ ಶಾಸನಗಳ ರೂಢಿಯೇ ಆಗಿದೆ. ಆದಿತ್ಯವಾರ, ಸೋಮವಾರಗಳ ಜೊತೆಗೆ ಗುರುವಾರಕ್ಕೆ ಬೃಹವಾರ, ಶನಿವಾರಕ್ಕೆ ವಡ್ಡವಾರ ಎಂಬ ವಿಶಿಷ್ಟ ರೂಪಗಳೂ ಅಲ್ಲಿ ಕಾಣುತ್ತವೆ.

ಇದು ಸಂಶೋಧಕರಿಗೆ ದೊಡ್ಡ ಉಪಕಾರವಾಗಿದೆ. ತಿಥಿ ಮತ್ತು ಸಂವತ್ಸರಗಳಿಂದ ಗಣಿಸಿದ ದಿನಾಂಕ ಸರಿಯೋ ತಪ್ಪೋ ಎಂಬುದನ್ನು ಒರೆಗೆ ಹಚ್ಚಿ ನೋಡುವ ಸಾಧನ ವಾರ. ಫ್ಲೀಟ್, ಕೀಲ್‌ಹಾರ್ನ್, ಸ್ವಾಮಿಕಣ್ಣು ಪಿಳ್ಳೆ ಮೊದಲಾದವರು ಶಾಸನಗಳ ಕಾಲವನ್ನು ಪರಿಶೀಲಿಸುವಾಗ ವಾರವನ್ನು ಹೀಗೆಯೇ ಬಳಸಿಕೊಂಡರು. ಶ್ರವಣಬೆಳಗೊಳದ ಮಲ್ಲಿಷೇಣ ಪ್ರಶಸ್ತಿ ಇದಕ್ಕೆ ಒಳ್ಳೆಯ ನಿದರ್ಶನ. ಮುನಿ ಮಲ್ಲಿಷೇಣನ ಸಮಾಧಿಮರಣವನ್ನು ಅದು ಶಕವರ್ಷ 1050ರ ಕೀಲಕ ಸಂವತ್ಸರದ ಫಾಲ್ಗುಣ ಮಾಸದಲ್ಲಿ ಆದಿತ್ಯವಾರದಂದು ದಾಖಲಿಸುತ್ತದೆ. ಗಣನೆಯಿಂದ ಬರುವ ದಿನ ಕ್ರಿ.ಶ. 1129ರ ಮಾರ್ಚ್ 10. ಅದು ಭಾನುವಾರವೇ ಆಗಿದೆ. ಲೋಕವನ್ನು ತೊರೆದ ಮುನಿಯ ಕೊನೆಯ ದಿನವನ್ನು ಇಂದು ಖಚಿತವಾಗಿ ಗುರುತಿಸಲು ನೆರವಾಗುತ್ತಿರುವುದು ಯವನರ ಹೋರೆಯಿಂದ ಹುಟ್ಟಿದ ವಾರ.

ಬೆಳ್ವೊಲದ ಜೋಯಿಸರು

ಹೋರಾಶಾಸ್ತ್ರವನ್ನು ಕನ್ನಡಕ್ಕೆ ತಂದ ಕೀರ್ತಿ ಇಂದಿನ ಧಾರವಾಡ ಮತ್ತು ಗದಗ ಜಿಲ್ಲೆಗಳಲ್ಲಿ ಹರಡಿದ್ದ ಬೆಳ್ವೊಲ ಮುನ್ನೂರು ನಾಡಿಗೆ ಸಲ್ಲುತ್ತದೆ. ಈ ನಾಡಿನ ಮುಖ್ಯಪಟ್ಟಣ ಅಣ್ಣಿಗೇರಿ. ಆದಿಕವಿ ಪಂಪನ ತಮ್ಮ ಜಿನವಲ್ಲಭನು ಈಗಿನ ತೆಲಂಗಾಣದ ಕುರ್ಕ್ಯಾಲದಲ್ಲಿ ಬರೆಯಿಸಿದ ಶಾಸನದಿಂದ, ಅವರ ತಾಯಿ ಅಬ್ಬಣಬ್ಬೆ ಬೆಳ್ವೊಲದ ಅಣ್ಣಿಗೇರಿಯ ಜೋಯಿಸ ಸಿಂಘನ ಮನೆತನದವಳೆಂದು ತಿಳಿಯುತ್ತದೆ. ಜೋಯಿಸ ಎಂಬುದು ಜ್ಯೋತಿಷ ಪದದ ತದ್ಭವ. ಹತ್ತನೆಯ ಶತಮಾನದ ಹೊತ್ತಿಗೆ ಈ ವಿದ್ಯೆ ಅಣ್ಣಿಗೇರಿಯ ಮನೆತನವೊಂದಕ್ಕೆ ಬಿರುದಾಗುವಷ್ಟು ಬೇರೂರಿತ್ತು. ಕನ್ನಡದ ಮೊದಲ ಮಹಾಕವಿಯ ತಾಯಿಯ ತವರು ಜೋಯಿಸರ ಮನೆ.

ಅದೇ ಬೆಳ್ವೊಲನಾಡಿನಲ್ಲಿ, ನವಲಗುಂದದ ನೆರೆಯ ನರಗುಂದದ ಜೈನ ವಿದ್ವಾಂಸ ಶ್ರೀಧರಾಚಾರ್ಯನು ಕ್ರಿ.ಶ. 1049ರಲ್ಲಿ ಜಾತಕತಿಲಕವನ್ನು ಬರೆದನು. ಆಗ ಆಳುತ್ತಿದ್ದವನು ಆಹವಮಲ್ಲ ಸೋಮೇಶ್ವರ. ಕನ್ನಡದಲ್ಲಿ ದೊರೆತಿರುವ ಜ್ಯೋತಿಷಗ್ರಂಥಗಳಲ್ಲಿ ಇದೇ ಮೊದಲನೆಯದು. ಶ್ರೀಧರಾಚಾರ್ಯನು ಇದಕ್ಕೆ ಮೊದಲು ಚಂದ್ರಪ್ರಭಚರಿತೆ ಎಂಬ ಕಾವ್ಯವನ್ನು ರಚಿಸಿದ್ದನು, ಅದು ದೊರೆತಿಲ್ಲ. ಕಾವ್ಯವನ್ನು ಬಲ್ಲವನು ಶಾಸ್ತ್ರವನ್ನೂ ಹೇಳಬಲ್ಲನೆಂದು ತೋರಿಸಬೇಕೆಂಬ ವಿದ್ವಾಂಸರ ಪ್ರೇರಣೆಯಿಂದ ಜಾತಕತಿಲಕ ಹುಟ್ಟಿತು. ವಾರಾಧಿಪತಿಗಳ ನಿಯಮವನ್ನು ಹೇಳಿದ ಆರ್ಯಭಟನನ್ನು ಇವನು ಸ್ಮರಿಸುತ್ತಾನೆ. ಕನ್ನಡ ಶಾಸ್ತ್ರಸಾಹಿತ್ಯಕ್ಕೆ ಅದು ಸಮೃದ್ಧಿಯ ಕಾಲ. ಸುಮಾರು 1025ರಲ್ಲಿ ಇಮ್ಮಡಿ ಚಾವುಂಡರಾಯನ ಲೋಕೋಪಕಾರ ಆಗಲೇ ಬಂದಿತ್ತು. ಸಂಸ್ಕೃತದಲ್ಲಿ ಇರುವ ವಿದ್ಯೆ ಕನ್ನಡಿಗರ ಕೈಗೆ ಕನ್ನಡದಲ್ಲಿಯೇ ಸಿಗಬೇಕೆಂಬ ಹಂಬಲ ಆ ಶತಮಾನದ ಬರಹಗಾರರಲ್ಲಿ ಎದ್ದು ಕಾಣುತ್ತದೆ.

ಜೈನ ವಿದ್ವಾಂಸನೊಬ್ಬ ಹೋರಾಶಾಸ್ತ್ರಕ್ಕೆ ಕೈಹಾಕಿದ್ದು ಸಾಮಾನ್ಯ ಸಂಗತಿಯಲ್ಲ. ಜೈನರಿಗೆ ತಮ್ಮದೇ ಆದ ಕಾಲಗಣನೆಯೂ ಜ್ಯೋತಿರ್ಲೋಕದ ವರ್ಣನೆಯೂ ಇದ್ದವು. ಸೂರ್ಯಪ್ರಜ್ಞಪ್ತಿಯಲ್ಲಿ ಅಹೋರಾತ್ರಕ್ಕೆ 30 ಮುಹೂರ್ತ. ಅತ್ಯಂತ ದೀರ್ಘವಾದ ಹಗಲಿಗೆ 18, ಅತ್ಯಂತ ಹ್ರಸ್ವವಾದ ಹಗಲಿಗೆ 12 ಮುಹೂರ್ತ. ಯತಿವೃಷಭನ ತಿಲೋಯಪಣ್ಣತ್ತಿ ಮತ್ತು ನೇಮಿಚಂದ್ರನ ತ್ರಿಲೋಕಸಾರ ಜಂಬೂದ್ವೀಪಕ್ಕೆ ಎರಡು ಸೂರ್ಯರನ್ನೂ ಎರಡು ಚಂದ್ರರನ್ನೂ ವರ್ಣಿಸುತ್ತವೆ. ಸಾಮಾಯಿಕದ ಅವಧಿಯನ್ನು ಸಾಮಾನ್ಯವಾಗಿ 48 ನಿಮಿಷಗಳ ಒಂದು ಮುಹೂರ್ತವೆಂದು ಇಂದಿಗೂ ಪಾಲಿಸುತ್ತಾರೆ. ಅಷ್ಟಮಿ, ಚತುರ್ದಶಿಯ ಪರ್ವಗಳು ನಡೆಯುವುದು ತಿಥಿಯ ಮೇಲೆಯೇ. ಈ ಗಣನೆಯಲ್ಲಿ ಹೋರೆಗೆ ಎಡೆಯಿರಲಿಲ್ಲ.

ಇದಕ್ಕಿಂತ ದೊಡ್ಡ ತೊಡಕು ತತ್ತ್ವದ್ದು. ಜೈನಸಿದ್ಧಾಂತದಲ್ಲಿ ಜೀವದ ಸುಖದುಃಖಗಳಿಗೆ ಕಾರಣ ಅದರದೇ ಕರ್ಮಬಂಧ. ಸೂರ್ಯ, ಚಂದ್ರ, ಗ್ರಹ, ನಕ್ಷತ್ರಗಳು ಜ್ಯೋತಿಷ್ಕದೇವರೆನಿಸಿದರೂ ಅವರು ಯಾರಿಗೂ ಫಲವನ್ನು ಹಂಚುವವರಲ್ಲ. ಗ್ರೀಕರ ವಿಧಿದೇವತೆಯರು ತಮ್ಮ ಮೂಲರೂಪದಲ್ಲಿಯೇ ಬಂದಿದ್ದರೆ ಜೈನ ವಿದ್ವಾಂಸರು ಬಾಗಿಲು ತೆರೆಯುತ್ತಿರಲಿಲ್ಲ. ಆದರೆ ಬೆಳ್ವೊಲಕ್ಕೆ ಬಂದ ಹೋರೆ ಐದು ಶತಮಾನಗಳ ಹಿಂದೆಯೇ ವರಾಹಮಿಹಿರನ ಕೈಯಲ್ಲಿ ಕರ್ಮವಿಪಾಕವನ್ನು ತೋರಿಸುವ ದೀಪವಾಗಿ ಮಾರ್ಪಟ್ಟಿತ್ತು. ಗ್ರಹಗಳು ಸೂಚಕಗಳೇ ಹೊರತು ಕಾರಕಗಳಲ್ಲ ಎಂಬ ಈ ವ್ಯಾಖ್ಯಾನ ಇದ್ದುದರಿಂದ ಶ್ರೀಧರಾಚಾರ್ಯನಂಥವರಿಗೆ ಸಿದ್ಧಾಂತ ಅಡ್ಡಿಯಾಗಲಿಲ್ಲವೆಂದು ಊಹಿಸಬಹುದು.

ಹೋರೆ ಮತ್ತು ಹೋರಾಟ

ಕನ್ನಡದಲ್ಲಿ ಈ ಪದ ಪಡೆದ ರೂಪವೂ ಗಮನಿಸತಕ್ಕದ್ದು. ಮಾಲಾ ಮಾಲೆಯಾಗುವಂತೆ, ಶಾಲಾ ಶಾಲೆಯಾಗುವಂತೆ ಹೋರಾ ಹೋರೆಯಾಯಿತು. ಆಕಾರಾಂತ ಸಂಸ್ಕೃತ ಪದಗಳು ಕನ್ನಡದಲ್ಲಿ ಎಕಾರಾಂತವಾಗುವ ಸಾಮಾನ್ಯ ನಿಯಮವೇ ಇಲ್ಲಿ ನಡೆದಿದೆ. ಹೀಗೆ ಗ್ರೀಕ್ ಪದ ಕನ್ನಡಕ್ಕೆ ಸಂಸ್ಕೃತದ ಮೂಲಕವೇ ಬಂದಿತೆಂಬುದು ಅದರ ಅಂತ್ಯಾಕ್ಷರದಿಂದಲೂ ತಿಳಿಯುತ್ತದೆ.

‘ಹೋರಾಟ’ ಎಂಬ ಪದದಲ್ಲಿ ಹೋರಾ ಅಡಗಿರುವಂತೆ ಕಾಣುವುದರಿಂದ ಕೆಲವರಿಗೆ ಸಂಶಯ ಹುಟ್ಟಬಹುದು. ಆದರೆ ಹೋರಾಟ ಅಚ್ಚ ದ್ರಾವಿಡ ಪದ. ಅದರ ಹಳಗನ್ನಡ ರೂಪ ‘ಪೋರ್’; ತಮಿಳಿನಲ್ಲಿ ಇಂದಿಗೂ ಯುದ್ಧಕ್ಕೆ ‘ಪೋರ್’ ಎನ್ನುತ್ತಾರೆ. ಪತ್ತು ಹತ್ತಾದಂತೆ, ಪಾಲ್ ಹಾಲಾದಂತೆ ಪೋರ್ ಹೋರಾಯಿತು. ಪಕಾರ ಹಕಾರವಾಗುವ ಬದಲಾವಣೆ ಇನ್ನೂ ಪೂರ್ತಿಯಾಗಿರದ ಕಾಲದಲ್ಲಿ ಶ್ರೀಧರಾಚಾರ್ಯ ಬರೆಯುತ್ತಿದ್ದನು. ಅವನ ಕಾವ್ಯಭಾಷೆಯಲ್ಲಿ ಹೋರೆ ಹಕಾರದಿಂದ ಮೊದಲಾಗುವ ಎರವಲು ಪದ, ಪೋರ್ ಪಕಾರದಿಂದ ಮೊದಲಾಗುವ ದೇಶ್ಯಪದ. ಇಂದು ಒಂದೇ ಬಗೆಯಾಗಿ ಕೇಳಿಸುವ ಎರಡು ಪದಗಳು ಆಗ ಒಂದನ್ನೊಂದು ಹೋಲುತ್ತಲೇ ಇರಲಿಲ್ಲ. ನಾದದ ಸಾಮ್ಯವೊಂದನ್ನೇ ನಂಬಿ ವ್ಯುತ್ಪತ್ತಿಯನ್ನು ಕಟ್ಟಬಾರದೆಂಬುದಕ್ಕೆ ಇದು ಎಚ್ಚರಿಕೆ. ಅಹೋರಾತ್ರದ ವ್ಯುತ್ಪತ್ತಿಗೂ ಈ ಎಚ್ಚರಿಕೆ ಅನ್ವಯಿಸುತ್ತದೆ.

ಹೋರೆಯ ಜೊತೆಯಲ್ಲಿ ಬಂದ ಕೆಲವು ಪದಗಳು ಅದಕ್ಕಿಂತಲೂ ದೂರ ಸಾಗಿವೆ. ಜಾತಕದ ಒಂದು, ನಾಲ್ಕು, ಏಳು ಮತ್ತು ಹತ್ತನೆಯ ಮನೆಗಳಿಗೆ ಕೇಂದ್ರ ಎಂದು ಹೆಸರು. ಅದು ಗ್ರೀಕರ ‘ಕೆಂಟ್ರೋನ್’. ಮೊನೆ ಎಂಬುದು ಅದರ ಮೂಲಾರ್ಥ. ಇಂದು ಆರೋಗ್ಯ ಕೇಂದ್ರ, ಜಿಲ್ಲಾ ಕೇಂದ್ರ, ಕೇಂದ್ರ ಸರ್ಕಾರ ಎನ್ನುವಾಗ ಯಾರಿಗೂ ಅದು ಹೊರಗಿನ ಪದವೆನಿಸುವುದಿಲ್ಲ.

ಆದ್ದರಿಂದ ಹೋರೆ ಗ್ರೀಕ್ ಪದ ಎಂಬುದನ್ನು ಒಪ್ಪಲು ಹಿಂಜರಿಯಬೇಕಾಗಿಲ್ಲ, ವರಾಹಮಿಹಿರನೇ ಹಿಂಜರಿಯಲಿಲ್ಲ. ಹಾಗೆಯೇ ಅದೊಂದು ಪದದ ಬಲದಿಂದ ಭಾರತೀಯ ಜ್ಯೋತಿಷವೆಲ್ಲ ಎರವಲು ಎಂದು ಸಾರುವುದೂ ಸಲ್ಲದು. ನಕ್ಷತ್ರ, ತಿಥಿ, ಮುಹೂರ್ತಗಳು ಹೋರೆ ಬರುವುದಕ್ಕೆ ಮೊದಲೂ ಇದ್ದವು, ಅದು ಬಂದ ಮೇಲೆಯೂ ಉಳಿದವು. ಗ್ರೀಕರ ಹೋರಾದೇವಿಯರಿಗೆ ಎರಡು ಕೆಲಸಗಳಿದ್ದವು. ಕಾಲಕ್ಕೆ ಸರಿಯಾಗಿ ಪೈರು ಚಿಗುರಿಸಿ ಫಲ ಕೊಡುವುದು ಒಂದು. ನಿಯಮಕ್ಕೆ ತಕ್ಕಂತೆ ಬಾಗಿಲನ್ನು ತೆರೆದು ಮುಚ್ಚುವುದು ಮತ್ತೊಂದು. ಕನ್ನಡ ನಾಡಿಗೆ ಬಂದ ಹೋರೆ ದಿನಗಳ ಬಾಗಿಲನ್ನು ಮಾತ್ರ ಕಾಯುತ್ತದೆ. ಪೈರಿನ ಕೆಲಸ ಇಲ್ಲಿ ಮೊದಲಿನಿಂದಲೂ ನಕ್ಷತ್ರಗಳದು. ಮಿಶ್ರಿಕೋಟಿಯ ರೈತ ರೋಹಿಣಿ, ಮಿರಗ, ಆರಿದ್ರೆ ಎಂದು ಮಳೆಯನ್ನು ಎಣಿಸಿ ಬಿತ್ತುತ್ತಾನೆ. ಐತವಾರ, ಬೇಸ್ತವಾರ ಎಂದು ದಿನವನ್ನು ಎಣಿಸಿ ಸಂತೆಗೆ ಹೋಗುತ್ತಾನೆ.